16ರ ಹುಡುಗನಿಗೆ 5 ವರ್ಷದ ಕಾಂಟ್ರಾಕ್ಟ್

ಬೆಳಗಾವಿಯ ನಿಮ್ಮ ಮಗನಿಗೆ ಗೋವಾದ ಫುಟ್‌ಬಾಲ್ ಕ್ಲಬ್ ಕೊಟ್ಟಿರುವ 5 ವರ್ಷದ ಕಾಂಟ್ರಾಕ್ಟ್‌ಗೆ ಸಹಿ ಹಾಕಬಹುದಾ, ಸಂಬಳ ಸರಿಯಾ ಅಂತ ಕೇಳಿದ್ದೀರಿ. ತೊಡಕಿರುವುದು ಅವಧಿಯಲ್ಲೇ. 18 ತುಂಬದ ಆಟಗಾರ 3 ವರ್ಷಕ್ಕಿಂತ ಜಾಸ್ತಿ ಅವಧಿಗೆ ಸಹಿ ಹಾಕುವಂತಿಲ್ಲ, ಇದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ಮೊದಲು ಅದನ್ನು 3ಕ್ಕೆ ಇಳಿಸಲು ಹೇಳಿ. ‘ಕ್ಲಬ್ ಬಯಸಿದರೆ ಇನ್ನೆರಡು ವರ್ಷ’ ಅಂತ ಒಳಗೆಲ್ಲೋ ಒಂದು ಸಾಲಿದ್ದರೆ ಅದನ್ನೂ ತೆಗೆಸಿ. ಆಮೇಲೆ ಮಂಡಿಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಪಿಯುಸಿ ಎಲ್ಲಿ ಓದುತ್ತಾನೆ, ಎಲ್ಲ ಅದರಲ್ಲೇ ಬರೆಸಿ. ಬಾಯಿಮಾತು ಬೇಡ.

ಸಂಬಳ ಸರಿಯಾ ಅನ್ನೋದು ಕಾಗದ ನೋಡದೆ ಹೇಳಲಾರೆ.

ಅಜ್ಜ, ಅಪ್ಪ ಆಡಿದ ಮನೆ ಅಂತ ಸುಮ್ನೆ ದೊಡ್ಡ ತಂಡಕ್ಕೇ ಕಾಯಬೇಡಿ. ಹೆಸರಾಂತ ಗೋಲ್‌ಕೀಪರ್ ಪೀಟರ್ ಶ್ಮೈಕೆಲ್ ಮಗ ಕ್ಯಾಸ್ಪರ್ ಕೂಡ ಇಂಗ್ಲೆಂಡಿನ ಡಾರ್ಲಿಂಗ್ಟನ್, ಬರಿ (Bury) ಥರದ ಸಣ್ಣ ಕ್ಲಬ್‌ಗಳಲ್ಲಿ ಆಡಿಯೇ ಬಂದವನು; 2016ರಲ್ಲಿ ಲೆಸ್ಟರ್ ತಂಡದ ಜೊತೆ ಅಲ್ಲಿನ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದ.

ತಿದ್ದಿದ ಪ್ರತಿ ಬಂದ ಮೇಲೆ ವಕೀಲರಿಗೆ ಒಮ್ಮೆ ತೋರಿಸಿ, ಪೋಷಕರಾಗಿ ನೀವು ಸಹಿ ಹಾಕಿ.