ಕೇಳಿ, ಹೇಳುತ್ತೇವೆ: ಅಕ್ಕಿಹುಳ ಸಾಕುವ ಬ್ಯಾಕ್ಟೀರಿಯಾ

ಪ್ರಶ್ನೆ: ಅಕ್ಕಿ ಡಬ್ಬಿಯ ಸೊಂಡಿಲು ಹುಳಗಳಲ್ಲಿ ಕೆಲವು ಕಂದು, ಕೆಲವು ಕಡುಗಪ್ಪು. ಜಾತಿ ಬೇರೆಯೇ? ಇವುಗಳ ಮೈಯೊಳಗೆ ಬ್ಯಾಕ್ಟೀರಿಯಾ ಇರುತ್ತದಂತೆ. ಹುಳದ ರೋಗನಿರೋಧಕ ಶಕ್ತಿ ಅದನ್ನು ಕೊಲ್ಲುವುದಿಲ್ಲವೇ?
– ಓದುಗರು, ಗಂಗಾವತಿ

ಉತ್ತರ: ಸಾಮಾನ್ಯವಾಗಿ ಜಾತಿ ಒಂದೇ, ವಯಸ್ಸು ಬೇರೆ. ಕಾಳು ಕೊರೆದು ಈಗಷ್ಟೇ ಹೊರಬಿದ್ದದ್ದು ಕಂದಾಗಿರುತ್ತದೆ, ದಿನ ಕಳೆದಂತೆ ಚಿಪ್ಪು ಗಟ್ಟಿಯಾಗಿ ಕಪ್ಪೇರುತ್ತದೆ. ಚಿಪ್ಪು ಕಟ್ಟಲು ಟೈರೋಸಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿ ಬೇಕು. ಬರೀ ಅಕ್ಕಿ ತಿಂದು ಅಷ್ಟು ಸಿಗದು. ಆ ಕೊರತೆ ತುಂಬುವುದೇ ಸೊಡಾಲಿಸ್ ಪಿಯರಾಂಟೋನಿಯಸ್ ಎಂಬ ಬ್ಯಾಕ್ಟೀರಿಯಾ. ಕೆಲವು ಬಿ ಗುಂಪಿನ ವಿಟಮಿನ್‌ಗಳನ್ನೂ ಅದೇ ಒದಗಿಸುತ್ತದೆ.

ಕೊಲ್ಲುವ ಅಸ್ತ್ರ ಹುಳದ ಬಳಿ ಇದೆ. ಆದರೆ ಅದನ್ನು ಬೇಲಿಯಾಗಿ ಬಳಸುತ್ತದೆ. ಬ್ಯಾಕ್ಟೀರಿಯಾಗಳಿಗೆಂದೇ ಮೀಸಲಾದ ಕೋಶಗಳಿದ್ದು, ಅವುಗಳೊಳಗೆ ಕೋಲಿಯಾಪ್ಟೆರಿಸಿನ್-ಎ ಎಂಬ ಸಣ್ಣ ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ. ಇದು ಬ್ಯಾಕ್ಟೀರಿಯಾ ಎರಡಾಗಿ ಸೀಳಿಕೊಳ್ಳುವುದನ್ನು ತಡೆಯುತ್ತದೆ. ಸೀಳಲಾಗದ ಬ್ಯಾಕ್ಟೀರಿಯಾ ದಾರದಂತೆ ಉದ್ದುದ್ದ ಬೆಳೆದು ಅಲ್ಲೇ ಉಳಿಯುತ್ತದೆ. ಫ್ರಾನ್ಸಿನ ಲಿಯಾನ್‌ನ ವಿಜ್ಞಾನಿಗಳ ತಂಡ ಈ ಪ್ರೋಟೀನಿನ ಜೀನು ಕೆಲಸ ಮಾಡದಂತೆ ಅಡಗಿಸಿ ನೋಡಿತು (2011ರಲ್ಲಿ ಪ್ರಕಟ): ಬ್ಯಾಕ್ಟೀರಿಯಾ ಕೋಶ ದಾಟಿ ಉಳಿದ ಅಂಗಾಂಶಗಳಿಗೆ ನುಗ್ಗಿತು.

ಈ ನಂಟಿಗೆ ವಾಯಿದೆಯೂ ಉಂಟು. ಪ್ರೌಢಹುಳದ ಮೊದಲ ದಿನಗಳಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಏರುತ್ತದೆ. ಚಿಪ್ಪಿನ ಕೆಲಸ ಮುಗಿಯಿತೋ, ಹುಳವೇ ಅವನ್ನು ಕೊಂದು ಅರಗಿಸಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಕರುಳಿನ ಆ ಮೀಸಲು ಕೋಶಗಳು ಖಾಲಿ! ಹೆಣ್ಣಿನ ಅಂಡಾಶಯದಲ್ಲಿರುವವು ಮಾತ್ರ ಉಳಿದು, ಮೊಟ್ಟೆಯ ಮೂಲಕ ಮರಿಗೆ ದಾಟುತ್ತವೆ.

ಪ್ರಶ್ನೆ: ಹಾಗಾದರೆ ಬ್ಯಾಕ್ಟೀರಿಯಾವನ್ನೇ ಕೊಂದರೆ ಅಕ್ಕಿಹುಳದ ಕಾಟ ತಪ್ಪೀತೇ?
– ಓದುಗರು, ಸಾಗರ

ಉತ್ತರ: ತಪ್ಪದು. ಪ್ರಯೋಗಾಲಯದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 90 ತೇವಾಂಶದಲ್ಲಿ ತಿಂಗಳು ಇಟ್ಟು ಬ್ಯಾಕ್ಟೀರಿಯಾ ಇಲ್ಲದ ಹುಳಗಳನ್ನು ಪಡೆಯುತ್ತಾರೆ. ಅವು ಪೇಲವ ಬಣ್ಣದವು, ಹಾರಲಾರವು, ನಿಧಾನ ಬೆಳೆಯುತ್ತವೆ. ಆದರೂ ಬದುಕುತ್ತವೆ, ಮರಿ ಮಾಡುತ್ತವೆ.

ಮನೆಗೆ ಫ್ರೀಜರ್ ವಾಸಿ. ಅಕ್ಕಿಯನ್ನು ಎರಡೆರಡು ಕೆ.ಜಿ.ಯ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ತೆಗೆದ ಮೇಲೆ ಚೀಲ ಪೂರ್ತಿ ಕೋಣೆಯ ಶಾಖಕ್ಕೆ ಬರುವವರೆಗೆ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಕಾಳಿನ ಮೇಲೆ ನೀರಹನಿ ಕೂತು ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರಡಿದರೆ ದೊಡ್ಡ ಹುಳ ನಡೆದು ಹೋಗುತ್ತದೆ, ನಿಜ. ಕಾಳಿನೊಳಗಿನ ಮೊಟ್ಟೆ-ಮರಿ ಉಳಿದೇ ಇರುತ್ತವೆ. ಹೆಣ್ಣು ಸೊಂಡಿಲಿನಿಂದ ಕಾಳು ಕೊರೆದು, ಮೊಟ್ಟೆಯಿಟ್ಟು, ತೂತಿಗೆ ಅಂಟಿನ ಬಿರಡೆ ಹಾಕಿರುತ್ತದೆ. ಮೊರದಲ್ಲಿ ಎಷ್ಟು ಕೇರಿದರೂ ಕಾಣಿಸದು. ಜೊತೆಗೆ ಕಡುಬಿಸಿಲಿಗೆ ಅಕ್ಕಿ ಸೀಳಿ ನುಚ್ಚಾಗುತ್ತದೆ.

ಪ್ರಶ್ನೆ: ಊಜಿ ನೊಣ ಕೂತ ರೇಷ್ಮೆಹುಳದ ಮೈಮೇಲೆ ಕಪ್ಪುಚುಕ್ಕೆ ಏಕೆ? ಹುಳಕ್ಕೆ ಲಸಿಕೆ ಹಾಕಲಾಗದೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಆ ಚುಕ್ಕೆಯೇ ಹುಳದ ಪ್ರತಿರೋಧದ ಗುರುತು. ಊಜಿ ಎಂದರೆ ರೇಷ್ಮೆಹುಳದ ಮೈಮೇಲೆ ಮೊಟ್ಟೆಯಿಡುವ ನೊಣ. ಅದರ ಮರಿ ಚರ್ಮ ಕೊರೆದು ಒಳಹೊಕ್ಕ ಜಾಗದಲ್ಲಿ ರಕ್ತದ ಕಿಣ್ವ ಚುರುಕಾಗಿ, ಮೆಲನಿನ್ ಎಂಬ ಕಪ್ಪು ವಸ್ತು ಕಟ್ಟುತ್ತದೆ. ಇದರ ಮೂಲವೂ ಮೇಲೆ ಹೇಳಿದ ಟೈರೋಸಿನ್ನೇ. ಊಜಿ ಮರಿ ಇಷ್ಟಕ್ಕೆ ಜಗ್ಗುವುದಿಲ್ಲ ಎಂಬುದು ಬೇರೆ ಮಾತು.

ಕೀಟಗಳಲ್ಲಿ ನಮ್ಮಂತೆ ಪ್ರತಿಕಾಯಗಳಿಲ್ಲ, ಅಂದರೆ ನಿರ್ದಿಷ್ಟ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಲ್ಲ. ಆದ್ದರಿಂದ ನಮ್ಮ ಬಗೆಯ ಲಸಿಕೆ ನಡೆಯದು. ಸಪ್ಪೆರೋಗ, ಹಾಲುತೊಂಡೆಯಂಥ ರೇಷ್ಮೆಹುಳದ ಸೋಂಕುರೋಗಗಳು ಬಾರದಂತೆ ಸಾಕಣೆ ಮನೆ ತೊಳೆಯುವುದೇ ದಾರಿ: 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ. ಗಾಳಿಗೆ ತೆರೆದಿಟ್ಟ ಹಳೇ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮೂಟೆ ಬಿಚ್ಚಿದಾಗ ಘಾಟು ಹೊಡೆಯದಿದ್ದರೆ, ಗಂಟುಗಂಟಾಗಿದ್ದರೆ, ಅದನ್ನು ವಾಪಸು ಕೊಡಿ.