ಐದನೇ ದಿನದ ಹೊಟ್ಟೆ ಉಬ್ಬರ: ಕಾಯಬೇಡಿ

ಅಕ್ಕನಿಗೆ ಹಾಸನದಲ್ಲಿ ಗರ್ಭಕೋಶದ ಕೀಹೋಲ್ (ಸಣ್ಣ ತೂತುಗಳ ಮೂಲಕ ಮಾಡುವ) ಆಪರೇಷನ್ ಆಗಿ ಐದು ದಿನ, ಸಕಲೇಶಪುರದ ಮನೆಗೆ ಬಂದಮೇಲೆ ಹೊಟ್ಟೆ ಉಬ್ಬಿ ನೋವು ಜಾಸ್ತಿಯಾಗುತ್ತಿದೆ, ಗ್ಯಾಸ್ ಅಂತ ಓಮದ ನೀರು ಕೊಟ್ಟು ಕಾಯಬಹುದಾ ಅಂತ ಕೇಳಿದ್ದೀರಿ. ಕಾಯಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಇಂಥ ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ಕಾಟರಿ, ಅಂದರೆ ಕರೆಂಟಿನ ಬಿಸಿಯಿಂದ ಸುಡುವ ಉಪಕರಣ, ಬಳಸುತ್ತಾರೆ. ಅದರ ಉದ್ದನೆಯ ಕಡ್ಡಿಗೆ ಇರುವ, ಕರೆಂಟು ತಡೆಯುವ ಹೊದಿಕೆ ಕೂದಲೆಳೆಯಷ್ಟು ಬಿರಿದಿದ್ದರೂ ಸಾಕು, ಕ್ಯಾಮೆರಾಕ್ಕೆ ಕಾಣದ ಕಡೆ ಕರುಳಿಗೆ ಬಿಸಿ ತಗುಲಬಹುದು. ಅವತ್ತು ಅಲ್ಲಿ ಬಿಳಿಚಿದ ಒಂದು ಚುಕ್ಕೆ, ಅಷ್ಟೇ. ಸುಟ್ಟ ಜಾಗ ನಿಧಾನವಾಗಿ ಸತ್ತು, ಕೆಲವು ದಿನಗಳ ನಂತರ ತೂತಾಗಬಹುದು. ಅದಕ್ಕೇ ಎಷ್ಟೋ ಸಲ ಮನೆಗೆ ಬಂದಮೇಲೆ ತೊಂದರೆ ಶುರುವಾಗುತ್ತದೆ. ಅಪರೂಪ ನಿಜ, ಆದರೆ ತಡವಾದರೆ ಜೀವಕ್ಕೇ ಅಪಾಯ.

ಆಪರೇಷನ್ ವೇಳೆ ಹೊಟ್ಟೆಯೊಳಗೆ ತುಂಬಿಸಿದ ಗ್ಯಾಸಿನ ನೋವು, ಹೆಗಲ ನೋವೂ ಸೇರಿ, ದಿನೇ ದಿನೇ ಇಳಿಯಬೇಕು ಅಲ್ವಾ? ನಿಮ್ಮ ಅಕ್ಕನಿಗೆ ಏರುತ್ತಿದೆ. ಜ್ವರ ಇಲ್ಲ ಅಂತ ಸುಮ್ನೆ ಕೂರಬೇಡಿ. ಬಾಯಿಗೆ ಏನೂ ಕೊಡಬೇಡಿ, ಓಮದ ನೀರೂ ಬೇಡ. ಡಿಸ್ಚಾರ್ಜ್ ಪತ್ರ ತೆಗೆದುಕೊಳ್ಳಿ. "ಕರುಳಿಗೆ ಪೆಟ್ಟಾಗಿದೆಯಾ ನೋಡಿ, ಸಿಟಿ ಸ್ಕ್ಯಾನ್ ಬೇಕಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ತಲುಪಿದ ಮೇಲೆ ಒಂದು ಸಾಲು ಬರೆಯಿರಿ.