ಇಷ್ಟು ವರ್ಷ ತಿಂದ ಸಿಗಡಿ ನಲವತ್ತರ ನಂತರ ಅಲರ್ಜಿ ಆಗುವುದೇಕೆ?

ಆಹಾರದ ಅಲರ್ಜಿ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. 2019ರಲ್ಲಿ ಪ್ರಕಟವಾದ, ಅಮೆರಿಕದ 40 ಸಾವಿರಕ್ಕೂ ಹೆಚ್ಚು ವಯಸ್ಕರ ಸಮೀಕ್ಷೆಯಲ್ಲಿ ಅಲರ್ಜಿ ಇದ್ದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಕನಿಷ್ಠ ಒಂದಾದರೂ ದೊಡ್ಡವರಾದ ಮೇಲೆಯೇ ಬಂದಿತ್ತು. ಮೊದಲ ಸ್ಥಾನ ಸಿಗಡಿ, ಏಡಿಗಳಂಥ ಚಿಪ್ಪು ಜೀವಿಗಳದ್ದು.

ರೋಗನಿರೋಧಕ ವ್ಯವಸ್ಥೆ ಯಾವುದೋ ಹಂತದಲ್ಲಿ ಸಿಗಡಿಯ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ತಿಳಿದು, ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇವು ಚರ್ಮ, ಕರುಳು, ಶ್ವಾಸನಾಳದ ಕೆಲವು ಜೀವಕೋಶಗಳಿಗೆ ಅಂಟಿ ಕೂತಿರುತ್ತವೆ. ಆಗ ನಮಗೇನೂ ಗೊತ್ತಾಗುವುದಿಲ್ಲ. ಮುಂದೆ ಸಿಗಡಿ ತಿಂದಾಗ ಆ ಕೋಶಗಳು ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಹೊರಬಿಡುತ್ತವೆ. ತುರಿಕೆ, ದದ್ದು, ತುಟಿಯ ಊತ ಅದರಿಂದಲೇ.

ತಪ್ಪು ಗುರುತು ಯಾಕೆ ಆಗುತ್ತದೆ? ಒಂದು ದಾರಿಯಂತೂ ನನಗೆ ಬಹಳ ಅಚ್ಚರಿಯದು: ಸಿಗಡಿಯ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಪ್ರೋಟೀನಿನ ಹತ್ತಿರದ ರೂಪ ಹಾಸಿಗೆಯ ಧೂಳಿನ ನುಸಿಗಳಲ್ಲೂ ಜಿರಳೆಗಳಲ್ಲೂ ಇದೆ. ವರ್ಷಾನುಗಟ್ಟಲೆ ಆ ಧೂಳನ್ನು ಉಸಿರಾಡಿ ಅದಕ್ಕೆ ಅಲರ್ಜಿ ಬೆಳೆಸಿಕೊಂಡ ದೇಹ, ತಟ್ಟೆಯ ಸಿಗಡಿಯನ್ನೂ ಅದೇ ಎಂದು ಭಾವಿಸಬಹುದು. ಈ ಪ್ರೋಟೀನ್ ಬಿಸಿಗೆ ಹಾಳಾಗುವುದಿಲ್ಲ, ಹಾಗಾಗಿ ಚೆನ್ನಾಗಿ ಬೇಯಿಸಿದರೂ ಪ್ರಯೋಜನವಿಲ್ಲ.

ದಯವಿಟ್ಟು 'ಇನ್ನೊಮ್ಮೆ ಸ್ವಲ್ಪ ತಿಂದು ನೋಡೋಣ' ಎಂದು ಮನೆಯಲ್ಲಿ ಪರೀಕ್ಷೆ ಮಾಡಬೇಡಿ. ಮುಂದಿನ ಸಲ ತೀವ್ರವಾಗಬಹುದು. ಅಲರ್ಜಿ ತಜ್ಞರನ್ನು ಕಾಣಿ. ಉಸಿರು ಕಟ್ಟಿದರೆ, ತಲೆಸುತ್ತು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.